ಬೆಳಕಿನ ಬಣ್ಣ ಮತ್ತು ಒಬ್ಬ ಧರ್ಮಗುರುವಿನ ದೀನತೆ

ಮೂರು ರಾಯರ ಹಬ್ಬದಂದು ನಾವು ನಕ್ಷತ್ರದ ಬೆಳಕನ್ನು ಹಿಂಬಾಲಿಸಿದ ಜ್ಞಾನಿಗಳನ್ನು ಸ್ಮರಿಸುತ್ತೇವೆ. ಈ ಸಂದರ್ಭದಲ್ಲಿ ಬೆಳಕನ್ನೇ ಓದಲು ಕಲಿತವರ ಚರಿತ್ರೆಯನ್ನು ಸ್ವಲ್ಪ ತಿಳಿಯೋಣ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನಿಂತಾಗ, ಹಾರ್ನ್ ಹಾಕುತ್ತಾ ಬರುವ ಬಸ್ಸು ನಮ್ಮನ್ನು ದಾಟಿದೊಡನೆ ಅದರ ಸ್ವರ ಇಳಿಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಬೆಳಕಿಗೂ ಹೀಗೆಯೇ ಆಗಬೇಕೆಂದು ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಹೇಳಿದರು. ನಮ್ಮತ್ತ ಬರುವ ವಸ್ತುವಿನ ಬೆಳಕಿನ ಆವರ್ತನ, ಅಂದರೆ ಸೆಕೆಂಡಿಗೆ ತಲುಪುವ ಅಲೆಗಳ ಸಂಖ್ಯೆ, ಹೆಚ್ಚಿ ನೀಲಿಯತ್ತ ಸರಿಯುತ್ತದೆ. ದೂರ ಸರಿಯುವ ವಸ್ತುವಿನದು ಕಡಿಮೆಯಾಗಿ ಕೆಂಪಿನತ್ತ ಸರಿಯುತ್ತದೆ.

ಈ ತತ್ವಕ್ಕೆ ನಮ್ಮ ನೆಲದಲ್ಲೂ ದೊಡ್ಡ ಫಲ ದೊರೆಯಿತು. 1909ರ ಜನವರಿಯಲ್ಲಿ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳ ಬೆಳಕಿನ ಗೆರೆಗಳು ಪಕ್ಕಕ್ಕೆ ಸರಿದಿರುವುದನ್ನು ಕಂಡರು. ಕಲೆಯ ನಡುವಿನಿಂದ ಅನಿಲ ಹೊರಗೆ ಹರಿಯುತ್ತಿದೆಯೆಂದು ಅದರಿಂದ ತಿಳಿಯಿತು. ಆ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ.

1905ರಲ್ಲಿ ಐನ್‌ಸ್ಟೈನ್ ಇನ್ನೊಂದು ಮಾತು ಸೇರಿಸಿದರು. ಚಲಿಸುವ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ. ಆದ್ದರಿಂದ ಹತ್ತಿರವೂ ಬಾರದೆ, ದೂರವೂ ಹೋಗದೆ, ಅಡ್ಡವಾಗಿ ಸಾಗುವ ವಸ್ತುವಿನ ಬೆಳಕಿನ ಆವರ್ತನವೂ ತುಸು ಇಳಿಯುತ್ತದೆ. ಗಡಿಯಾರ ನಿಧಾನವಾಗುವ ಈ ಪರಿಣಾಮವನ್ನು 1938ರಲ್ಲಿ ಐವ್ಸ್ ಮತ್ತು ಸ್ಟಿಲ್‌ವೆಲ್ ಪ್ರಯೋಗದಿಂದ ತೋರಿಸಿದರು. ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ನಮಗೆ ದಾರಿ ತೋರಿಸುವಾಗಲೂ ಈ ಲೆಕ್ಕ ಬೇಕು. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದ ಕಾರಣದಿಂದ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ. ಎತ್ತರದಲ್ಲಿ ಗುರುತ್ವ ಕಡಿಮೆಯಾದ್ದರಿಂದ ಸುಮಾರು 45 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಇವೆರಡನ್ನೂ ಸರಿಪಡಿಸಲೇಬೇಕು.

ಈ ಚರಿತ್ರೆಯಲ್ಲಿ ಒಬ್ಬ ಧರ್ಮಗುರುವೂ ಇದ್ದಾರೆ. ಬೆಲ್ಜಿಯಂನ ವಂದನೀಯ ಜಾರ್ಜ್ ಲೆಮೈತ್ರ್ 1923ರಲ್ಲಿ ಗುರುದೀಕ್ಷೆ ಪಡೆದರು. ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನತ್ತ ಸರಿದಿರುವುದಕ್ಕೆ ಆಕಾಶವೇ ಹಿಗ್ಗುತ್ತಿರುವುದು ಕಾರಣವೆಂದು 1927ರಲ್ಲಿ ಬರೆದು, ಆ ಹಿಗ್ಗುವಿಕೆಯ ದರವನ್ನೂ ಲೆಕ್ಕಹಾಕಿದರು. ಎರಡು ವರ್ಷಗಳ ನಂತರ ಎಡ್ವಿನ್ ಹಬಲ್ ತಮ್ಮ ಅಳತೆಗಳನ್ನು ಪ್ರಕಟಿಸಿದರು. ಹೆಸರು ಹಬಲ್ ಅವರಿಗೆ ಬಂತು. 1931ರಲ್ಲಿ ಲೆಮೈತ್ರ್ ಅವರ ಲೇಖನ ಇಂಗ್ಲಿಷಿಗೆ ಬಂದಾಗ ಆ ದರದ ಭಾಗ ಅದರಲ್ಲಿರಲಿಲ್ಲ. ಬೇರೆಯವರು ಅಳಿಸಿದರೇ ಎಂಬ ಸಂಶಯ ಇತ್ತು. ಅನುವಾದ ಮಾಡಿ ಅದನ್ನು ಬಿಟ್ಟವರು ಸ್ವತಃ ಅವರೇ ಎಂದು 2011ರಲ್ಲಿ ಹಳೆಯ ಪತ್ರವೊಂದರಿಂದ ತಿಳಿಯಿತು. ಹೊಸ ಅಳತೆಗಳು ಬಂದ ಮೇಲೆ ತಮ್ಮ ಹಳೆಯ ಲೆಕ್ಕ ಬೇಕಿಲ್ಲವೆಂದು ಅವರು ಭಾವಿಸಿದ್ದರು. 2018ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಈ ನಿಯಮವನ್ನು ಹಬಲ್–ಲೆಮೈತ್ರ್ ನಿಯಮವೆಂದು ಕರೆಯಲು ಶಿಫಾರಸು ಮಾಡಿತು.

1951ರಲ್ಲಿ ಪೋಪ್ 12ನೇ ಪಿಯುಸ್ ವಿಶ್ವದ ಆರಂಭದ ಸಿದ್ಧಾಂತವನ್ನು ಸೃಷ್ಟಿಯ ವಿಶ್ವಾಸಕ್ಕೆ ಬೆಂಬಲವೆಂಬಂತೆ ಮಾತನಾಡಿದಾಗ ಲೆಮೈತ್ರ್ ಕಳವಳಗೊಂಡರು. ವಿಜ್ಞಾನದ ಸಿದ್ಧಾಂತ ನಾಳೆ ಬದಲಾಗಬಹುದು. ವಿಶ್ವಾಸವನ್ನು ಅದಕ್ಕೆ ಕಟ್ಟಿಹಾಕಬಾರದೆಂಬುದು ಅವರ ನಿಲುವು.

ಬೆಳ್ತಂಗಡಿಯ ಹಳ್ಳಿಗಳಿಂದ ಮೂಡಬಿದ್ರಿಯ ಕಾಲೇಜುಗಳಿಗೆ ಮಕ್ಕಳನ್ನು ಕಳುಹಿಸುವ ಹೆತ್ತವರಲ್ಲಿ, ವಿಜ್ಞಾನ ಓದಿದರೆ ವಿಶ್ವಾಸ ಕುಂದೀತೇ ಎಂಬ ಅಳುಕು ಕೆಲವರಿಗಿದೆ. ಅವರಿಗೆ ಈ ಗುರುವಿನ ಬದುಕೇ ಉತ್ತರ. ಬೆಳಕು ಏನು ಹೇಳುತ್ತದೋ ಅದನ್ನು ಪ್ರಾಮಾಣಿಕವಾಗಿ ಓದೋಣ. ಹೆಸರಿನ ಆಸೆಯನ್ನು ಬಿಡೋಣ. ಜ್ಞಾನಿಗಳು ಗೋದಲಿಯ ಮುಂದೆ ಮೊಣಕಾಲೂರಿದ್ದೂ ಅದೇ ದೀನತೆಯಿಂದಲ್ಲವೇ?