ನಿಶ್ಚಲ ರಾತ್ರಿಯ ತಂಪು

ಅಶೋಕನ ಶಾಸನದಿಂದ ಹೆಸರಾದ ಮಸ್ಕಿಯ ಬಂಡೆಗಳು ಹಗಲೆಲ್ಲ ಬಿಸಿಲಿಗೆ ಕಾದು ಇರುಳಿನಲ್ಲಿ ಆರುತ್ತವೆ. ಲಿಂಗಸುಗೂರು, ಸಿಂಧನೂರುಗಳ ಎರೆಯ ಹೊಲಗಳಿಗೂ ಇದೇ ನಿಯಮ. ಗಾಳಿ ನಿಂತು ಆಕಾಶ ತಿಳಿಯಾಗಿರುವ ಮಾಗಿಯ ರಾತ್ರಿಯಲ್ಲಿ, ಬರಿ ನೆಲದ ಮೇಲೆ ಎಲ್ಲಕ್ಕಿಂತ ತಂಪಾದ ಗಾಳಿ ಯಾವ ಎತ್ತರದಲ್ಲಿರುತ್ತದೆ? ನೆಲಕ್ಕೆ ತಾಗಿಕೊಂಡೇ ಎಂದು ಯಾರಾದರೂ ಉತ್ತರ ಕೊಟ್ಟಾರು. ವಿಜ್ಞಾನಿಗಳೂ ಬಹುಕಾಲ ಹಾಗೆಯೇ ನಂಬಿದ್ದರು. ಆ ನಂಬಿಕೆ ಕದಲಿದ ಬಗೆಯೇ ಇಂದಿನ ಭಾಷಣದ ವಿಷಯ.

ನೆಲವು ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಸೂಸುತ್ತದೆ. ಗಾಳಿಯ ಬಹುಭಾಗವಾದ ಸಾರಜನಕ, ಆಮ್ಲಜನಕಗಳು ಅವನ್ನು ತಡೆಯುವುದಿಲ್ಲವೆಂದೇ ಹೇಳಬಹುದು. ಅಲ್ಪವಾಗಿರುವ ನೀರಾವಿ, ಇಂಗಾಲಾಮ್ಲ ವಾಯುಗಳ ಅಣುಗಳಾದರೋ ತಮಗೆ ಒಗ್ಗುವ ಕಿರಣಗಳನ್ನು ಹೀರುತ್ತವೆ. ಹೀರುವ ಬಗೆಯವನ್ನೇ ತಾವೂ ಸೂಸುತ್ತವೆ. ವಾಯುಗಳ ಈ ಹೀರಿಕೆಯನ್ನು 1859ರಲ್ಲಿ ಜಾನ್ ಟಿಂಡಲ್ ಲಂಡನ್ನಿನಲ್ಲಿ ಅಳೆಯತೊಡಗಿದನು.

ನಮ್ಮ ದೇಶದ ಸರದಿ 1932ರಲ್ಲಿ ಬಂದಿತು. ಹವಾಮಾನ ಶಾಸ್ತ್ರಜ್ಞರಾದ ಎಲ್. ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಅವರು, ಅತಿ ತಂಪಾದ ಪದರವು ನೆಲಕ್ಕಿಂತ ಒಂದೆರಡು ಗೇಣು ಮೇಲಿರುವುದನ್ನು ಕಂಡು ಪ್ರಕಟಿಸಿದರು. ತಂಪು ಗಾಳಿ ಭಾರವಾದುದು. ಅದು ಬೆಚ್ಚನೆಯ ಗಾಳಿಯ ಮೇಲೆ ನಿಲ್ಲುವುದೆಂತು? ಉಷ್ಣಮಾಪಕವೇ ತಪ್ಪಿರಬೇಕೆಂದು ಹಲವರು ಶಂಕಿಸಿದರು. 1950ರ ದಶಕದಲ್ಲಿ ಇತರರೂ ಅಳೆದ ಮೇಲೆ ಶಂಕೆ ತೀರಿತು, ಕಾರಣ ಮಾತ್ರ ತಿಳಿಯಲಿಲ್ಲ.

1993ರಲ್ಲಿ ಬೆಂಗಳೂರಿನ ಎ. ಎಸ್. ವಾಸುದೇವಮೂರ್ತಿ, ಜೆ. ಶ್ರೀನಿವಾಸನ್, ರೊದ್ದಂ ನರಸಿಂಹ ಇವರು ಒಂದು ಸಿದ್ಧಾಂತವನ್ನು ಮುಂದಿಟ್ಟರು. ನೀರಾವಿಯೊಂದೇ ಸಾವಿರಾರು ಬಗೆಯ ಕಿರಣಗಳನ್ನು ಹೀರುತ್ತದೆ. ಒಂದೊಂದನ್ನೂ ಎಣಿಸುವುದು ದುಸ್ಸಾಧ್ಯವಾದುದರಿಂದ ಎಲ್ಲವನ್ನೂ ಒಟ್ಟುಗೂಡಿಸುವ ಸಂಕ್ಷೇಪ ವಿಧಾನವನ್ನು ಬಳಸಿದರು. ನೆಲವು ಆಕಾಶದ ಕಿರಣಗಳಲ್ಲಿ ಒಂದಂಶವನ್ನು ಹಿಂದಿರುಗಿಸುವುದರಿಂದ ಕೆಳಗಿನ ನೀರಾವಿ ಬೇಗ ತಂಪಾಗುತ್ತದೆಂದು ಲೆಕ್ಕ ಹೇಳಿತು. ಒಗಟು ಬಿಡಿಸಿದಂತಾಯಿತು.

ಆದರೆ ಅದೇ ನಗರದ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೆ. ಆರ್. ಶ್ರೀನಿವಾಸ್, ಗಣೇಶ್ ಸುಬ್ರಮಣಿಯನ್ ಮೊದಲಾದವರು ಲೆಕ್ಕವನ್ನು ಮತ್ತೆ ಮಾಡಿ, 2012ರಲ್ಲಿ ಅದರ ದೋಷವನ್ನು ತೋರಿಸಿದರು. ನೆಲದಿಂದ ಹಿಂದಿರುಗುವ ಕಿರಣಗಳು ಬಹುಮಟ್ಟಿಗೆ ನೀರಾವಿಯೇ ಸೂಸಿದಂಥವು. ಅವನ್ನು ನೆಲದ ಸ್ವಂತ ಕಿರಣಗಳಂತೆ ಎಣಿಸಿದುದೇ ತಪ್ಪು. ಅದನ್ನು ತಿದ್ದಿದೊಡನೆ ಆ ಅತಿಶಯವಾದ ತಂಪು ಲೆಕ್ಕದಿಂದ ಮಾಯವಾಯಿತು. ಅವರು ಹೊಲದಲ್ಲಿಯೂ ಪ್ರಯೋಗಶಾಲೆಯಲ್ಲಿಯೂ ನಡೆಸಿದ ಪರೀಕ್ಷೆಗಳು, ನೆಲದ ಬಳಿ ತೇಲುವ ಸೂಕ್ಷ್ಮ ಕಣಗಳೇ ಶಾಖವನ್ನು ಸೂಸಿ ಗಾಳಿಯನ್ನು ತಂಪುಗೊಳಿಸುತ್ತವೆಂದು ಸೂಚಿಸಿದವು.

ಸಿದ್ಧಾಂತ ಬದಲಾಯಿತು; ರಾಮದಾಸರ ಅಳತೆ ನಿಂತಿತು. ಆ ಒಂದೆರಡು ಗೇಣಿನ ಎತ್ತರ ಎಳೆಯ ಪೈರಿನ ಎತ್ತರವೂ ಹೌದೆಂಬುದನ್ನು ನಾವು ಮರೆಯಲಾಗದು. ತುಂಗಭದ್ರೆಯ ಕಾಲುವೆಯಿಂದ ನೆನೆದ ಸಿಂಧನೂರಿನ ಗದ್ದೆಗಳ ಮೇಲೆ ನೀರಾವಿ ಹೆಚ್ಚಿರುವ ರಾತ್ರಿ ನೆಲ ಮೆಲ್ಲನೆ ಆರಬೇಕು, ಒಣ ಹೊಲದಲ್ಲಿ ಬೇಗನೆ ಆರಬೇಕು. ಇದನ್ನು ಹೇಳುವ ಲೆಕ್ಕವೂ, ಭೂಮಂಡಲವೇ ಬಿಸಿಯೇರುತ್ತಿದೆಯೆಂದು ಎಚ್ಚರಿಸುವ ಲೆಕ್ಕವೂ ಒಂದೇ ಬಳ್ಳಿಯ ಕಾಯಿಗಳು. ಆದುದರಿಂದಲೇ ಇಂಥ ಸಣ್ಣ ತಪ್ಪನ್ನು ಹುಡುಕಿ ತಿದ್ದಿದ ಶ್ರಮ ಸಣ್ಣದಲ್ಲ.