ಹಡಗಿನ ಹೊಟ್ಟೆಯಲ್ಲಿ ಕೂತ ಉಪ್ಪು

1825ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ‘ಎಂಟರ್‌ಪ್ರೈಸ್’ ಅನ್ನೋ ಉಗಿಹಡಗು ಕಲ್ಕತ್ತೆಗೆ ಹೊರಟಿತು. ಕಲ್ಕತ್ತೆಯ ಬ್ರಿಟಿಷ್ ವ್ಯಾಪಾರಿಗಳು ಬಹುಮಾನಕ್ಕೆ ಅಂತ ಹಣ ಕೂಡಿಸಿಟ್ಟಿದ್ದರು. ಷರತ್ತು ಏನಂದ್ರೆ, ಒಂದು ಕಡೆಯ ಪ್ರಯಾಣ ಸರಾಸರಿ 70 ದಿನಕ್ಕೆ ಮುಗಿಯಬೇಕು. ಎಂಟರ್‌ಪ್ರೈಸ್ ತಗೊಂಡಿದ್ದು 113 ದಿನ. ಅದರಲ್ಲೂ ಎಂಜಿನ್ ಓಡಿದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಿನ ಅಷ್ಟೆ, ಮಿಕ್ಕ ದಿನ ಹಾಯಿ ಬಿಚ್ಚಿಕೊಂಡೇ ಸಾಗಿತ್ತು.

ಉಗಿಯಂತ್ರ ಬಂದಮೇಲೂ ದೂರದ ಸಮುದ್ರಗಳಲ್ಲಿ ಹಾಯಿಹಡಗುಗಳೇ ಇನ್ನೂ ನಲವತ್ತು ವರ್ಷ ಯಾಕೆ ಮೆರೆದವು? ಎಂಜಿನ್ ಇನ್ನೂ ಸುಧಾರಿಸಿರಲಿಲ್ಲ ಅಂತ ನಾವು ಓದಿರ್ತೀವಿ. ಸುಳ್ಳಲ್ಲ, ಆದರೆ ಅದು ಅರ್ಧ ಕತೆ. ಮಿಕ್ಕ ಅರ್ಧ ಕತೆ ಬಾಯ್ಲರಿಗೆ ಹಾಕ್ತಿದ್ದ ನೀರಿನದು, ಅದನ್ನು ಯಾರೂ ಅಷ್ಟಾಗಿ ಹೇಳೋದಿಲ್ಲ.

ಆಗಿನ ಹಡಗುಗಳ ಬಾಯ್ಲರಿಗೆ ನೇರ ಸಮುದ್ರದ ನೀರೇ. ಎಂಜಿನ್ನಿನಿಂದ ಹೊರಬಂದ ಉಗಿಯ ಮೇಲೆ ತಣ್ಣಗಿನ ಸಮುದ್ರದ ನೀರನ್ನು ಚಿಮ್ಮಿಸಿ ನೀರಾಗಿಸುತ್ತಿದ್ದರು, ಆ ಬೆರಕೆ ನೀರನ್ನೇ ಮತ್ತೆ ಬಾಯ್ಲರಿಗೆ ಬಿಡುತ್ತಿದ್ದರು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತೆ. ನೀರು ಉಗಿಯಾಗಿ ಹೋಗುತ್ತೆ, ಉಪ್ಪು ಎಲ್ಲಿ ಹೋಗಬೇಕು? ಅಲ್ಲೇ ಗಟ್ಟಿಯಾಗ್ತಾ ಹೋಗುತ್ತೆ. ಅದಕ್ಕೆ ಆಗಾಗ ಬಾಯ್ಲರಿನ ಕುದಿಯೋ ನೀರನ್ನು ಸಮುದ್ರಕ್ಕೆ ಬಿಟ್ಟು ಹೊಸ ನೀರು ತುಂಬಿಸಬೇಕಿತ್ತು. ಉಪ್ಪಿನ ಸಾಂದ್ರತೆ ಸಮುದ್ರದ ಎರಡರಷ್ಟು ದಾಟಬಾರದು ಅಂತ ಇಟ್ಟುಕೊಂಡರೆ, ಒಂದು ಲೀಟರ್ ನೀರು ಉಗಿಯಾದಾಗ ಒಂದು ಲೀಟರ್ ಬಿಸಿನೀರು ಸಮುದ್ರದ ಪಾಲು. ಲೆಕ್ಕ ಹಾಕಿ ನೋಡಿದೆ. ಸುಮಾರು 40 ಡಿಗ್ರಿಯಲ್ಲಿ ಒಳಗೆ ಬಂದ ನೀರನ್ನು 110ಕ್ಕೆ ಕಾಯಿಸಿ ಚೆಲ್ಲಿದರೆ, ಬಾಯ್ಲರ್ ಹೀರಿಕೊಂಡ ಶಾಖದಲ್ಲಿ ಹತ್ತರಲ್ಲೊಂದು ಪಾಲು ಹಾಗೇ ಹೋಯ್ತು.

ಇದು ಕಣ್ಣಿಗೆ ಕಾಣೋ ನಷ್ಟ. ಇದಕ್ಕಿಂತ ಕೆಟ್ಟದ್ದು ಬಾಯ್ಲರಿನ ಒಳಮೈಗೆ ಕಟ್ಟೋ ಹಕ್ಕಳೆ. ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿರೋರು ಗೀಸರ್ ರಿಪೇರಿಯವನು ಕಾಯಿಲ್ ಹೊರಗೆ ತೆಗೆದಾಗ ಆ ಬಿಳಿ ಪದರ ನೋಡಿರ್ತೀರಿ. ನಮ್ಮೂರಲ್ಲಿ ಬಚ್ಚಲಮನೆ ತಾಮ್ರದ ಹಂಡೆಗೂ ಕಟ್ಟುತ್ತಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಬಿಡುತ್ತಿತ್ತು. ಹಡಗಿನವರಿಗೆ ಆ ಅನುಕೂಲವೂ ಇರಲಿಲ್ಲ. ಅವರ ಬಾಯ್ಲರಿಗೆ ಕಟ್ಟುತ್ತಿದ್ದದ್ದು ಹೆಚ್ಚಾಗಿ ಕ್ಯಾಲ್ಸಿಯಂ ಸಲ್ಫೇಟ್, ಅಂದ್ರೆ ಜಿಪ್ಸಂ ಜಾತಿಯದು. ಹುಳಿಗೆಲ್ಲ ಅದು ಬಗ್ಗೋದಿಲ್ಲ. ಬೆಂಕಿ ಆರಿಸಿ, ಬಾಯ್ಲರ್ ತಣ್ಣಗಾಗೋವರೆಗೂ ಕಾದು, ಒಳಗೆ ನುಗ್ಗಿ ಉಳಿ ಸುತ್ತಿಗೆಯಿಂದ ಕೆತ್ತಬೇಕು. ಕೆತ್ತದೆ ಬಿಟ್ಟರೆ? ಹಕ್ಕಳೆ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತೆ. ಅಷ್ಟೇ ಉಗಿಗೆ ಹೆಚ್ಚು ಕಲ್ಲಿದ್ದಲು ಬೇಕು, ಜೊತೆಗೆ ನೀರಿನ ತಂಪು ಸಿಗದ ತಗಡು ಕೆಂಪಗೆ ಕಾದು ಉಬ್ಬುತ್ತೆ.

ಈ ಜಿಪ್ಸಂಗೆ ಇನ್ನೊಂದು ವಿಚಿತ್ರ ಗುಣ. ಸಕ್ಕರೆ ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತೆ, ಇದು ಉಲ್ಟಾ, ಬಿಸಿ ಏರಿದಷ್ಟೂ ಕಡಿಮೆ ಕರಗುತ್ತೆ. 140 ಡಿಗ್ರಿ ಹತ್ತಿರ ಬಂದರೆ ಹೆಚ್ಚುಕಡಿಮೆ ಪೂರ್ತಿ ಹೊರಬಿದ್ದು ತಗಡಿಗೆ ಅಂಟಿಕೊಳ್ಳುತ್ತೆ, ಎಷ್ಟು ನೀರು ಚೆಲ್ಲಿದರೂ ಪ್ರಯೋಜನ ಇಲ್ಲ. 140 ಡಿಗ್ರಿ ಅಂದ್ರೆ ಚದರ ಇಂಚಿಗೆ 40 ಪೌಂಡಿಗಿಂತ ಸ್ವಲ್ಪ ಕಡಿಮೆ ಒತ್ತಡ. ಉಪ್ಪುನೀರಿನ ಬಾಯ್ಲರ್ ಅದನ್ನು ದಾಟೋಕೆ ಆಗುತ್ತಿರಲಿಲ್ಲ. ಶುರುವಿನ ಹಡಗುಗಳಂತೂ 5 ಪೌಂಡ್ ಆಸುಪಾಸಿನಲ್ಲೇ ಓಡುತ್ತಿದ್ದವು. ನಿಮ್ಮ ಅಡುಗೆಮನೆ ಕುಕ್ಕರ್ ಸೀಟಿ ಹೊಡೆಯೋದು 15 ಪೌಂಡಿಗೆ! ಒತ್ತಡ ಕಡಿಮೆ ಇದ್ದರೆ ಅದೇ ಕಲ್ಲಿದ್ದಲಿನಿಂದ ಸಿಗೋ ಕೆಲಸವೂ ಕಡಿಮೆ.

ಈ ಕಲ್ಲಿದ್ದಲಿನ ಹಸಿವು ನಕಾಶೆಯನ್ನೂ ಬದಲಾಯಿಸಿತು. 1830ರಲ್ಲಿ ಬೊಂಬಾಯಿಯಿಂದ ಸೂಯೆಜ್‌ಗೆ ಹೊರಟ ‘ಹ್ಯೂ ಲಿಂಡ್ಸೆ’ ಹಡಗಿನಲ್ಲಿ ಇದ್ದದ್ದು ಐದೂವರೆ ದಿನದ ಕಲ್ಲಿದ್ದಲಿಗೆ ಜಾಗ. ಏಡನ್ 11 ದಿನದ ದಾರಿ. ಸಿಕ್ಕಸಿಕ್ಕ ಮೂಲೆಗೆಲ್ಲ ಕಲ್ಲಿದ್ದಲು ಸುರಿದುಕೊಂಡು ಹೊರಟರು. ಒಂಬತ್ತು ವರ್ಷದ ಮೇಲೆ, 1839ರ ಜನವರಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿ ಏಡನ್ ಊರನ್ನೇ ವಶ ಮಾಡಿಕೊಂಡಿತು. ಕಲ್ಲಿದ್ದಲು ದಾಸ್ತಾನಿಗೆ ಒಂದು ಬಂದರು ಬೇಕು ಅನ್ನೋದು ಅದರ ದೊಡ್ಡ ಕಾರಣಗಳಲ್ಲಿ ಒಂದು.

ಪರಿಹಾರ ಅಷ್ಟರಲ್ಲಾಗಲೇ ಸಿಕ್ಕಿತ್ತು. ಇಂಗ್ಲೆಂಡಿನ ನಾಟಿಂಗ್ಯಾಮ್ ಕಡೆಯ ಸ್ಯಾಮುಯೆಲ್ ಹಾಲ್ ಮೊದಲು ಬಟ್ಟೆ ಉದ್ಯಮಕ್ಕೆ ಬೇಕಾದ್ದೊಂದನ್ನು ಕಂಡುಹಿಡಿದು ದುಡ್ಡು ಮಾಡಿದವನು. ಲೇಸ್ ಬಟ್ಟೆಯ ಪುಡಿ ಎಳೆಗಳನ್ನು ಗ್ಯಾಸ್ ಉರಿಯಲ್ಲಿ ಸುಟ್ಟು ನಯ ಮಾಡೋ ವಿಧಾನ ಅದು. 1834ರಲ್ಲಿ ಅವನು ಹೊಸ ಕಂಡೆನ್ಸರಿಗೆ ಪೇಟೆಂಟ್ ತಗೊಂಡ. ಉಗಿ ಸಣ್ಣ ಕೊಳವೆಗಳ ಒಳಗೆ, ಸಮುದ್ರದ ನೀರು ಹೊರಗೆ, ಎರಡೂ ಬೆರೆಯೋ ಹಾಗಿಲ್ಲ. ಉಗಿ ಶುದ್ಧ ನೀರಾಗಿ ಬಾಯ್ಲರಿಗೆ ವಾಪಸ್, ಅದೇ ನೀರು ಸುತ್ತುತ್ತಾ ಇರುತ್ತೆ. 1838ರಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಸೇರಿದ ‘ಸಿರಿಯಸ್’ ಹಡಗಿನಲ್ಲಿ ಇದ್ದದ್ದು ಇದೇ ಕಂಡೆನ್ಸರ್.

ಆದರೂ ಇದು ಆಗ ನಿಲ್ಲಲಿಲ್ಲ. ಸಾಫ್ಟ್‌ವೇರಿನಲ್ಲಿ ಒಂದು ಬಗ್ ತೆಗೆದ ತಕ್ಷಣ ಅದರ ಹಿಂದೆ ಅಡಗಿದ್ದ ಇನ್ನೆರಡು ಈಚೆ ಬರ್ತಾವಲ್ಲ, ಹಾಗೆ. ಸಿಲಿಂಡರಿಗೆ ಆಗ ಹಾಕ್ತಿದ್ದದ್ದು ದನಕುರಿಯ ಕೊಬ್ಬು. ಅದು ಉಗಿ ಜೊತೆ ಬಂದು ಕೊಳವೆಗಳಿಗೆ ಜಿಡ್ಡಾಗಿ ಅಂಟುತ್ತಿತ್ತು, ಬಾಯ್ಲರ್ ಒಳಗೆ ಒಡೆದು ಆಮ್ಲವಾಗಿ ಕಬ್ಬಿಣ ತಿನ್ನುತ್ತಿತ್ತು. ಇಷ್ಟು ದಿನ ಎಲ್ಲರೂ ಬೈದುಕೊಂಡಿದ್ದ ಹಕ್ಕಳೆ ತಗಡನ್ನು ತುಕ್ಕಿನಿಂದ ಕಾಪಾಡುತ್ತಿತ್ತು ಅನ್ನೋದು ಗೊತ್ತಾಗಿದ್ದೇ ಅದು ಇಲ್ಲದಾದಾಗ. ಕೆಲವು ಎಂಜಿನಿಯರುಗಳು ಬೇಕು ಅಂತಲೇ ಮೊದಲು ಸಮುದ್ರದ ನೀರು ತುಂಬಿಸಿ ತೆಳ್ಳಗೆ ಒಂದು ಪದರ ಕಟ್ಟಿಸಿಕೊಂಡು, ಆಮೇಲೆ ಸಿಹಿನೀರಿಗೆ ಬರುತ್ತಿದ್ದರು. ನೀರು ಶುದ್ಧ ಇದ್ದರೆ ಸಾಲದು, ಲೋಹಕ್ಕೆ ಒಗ್ಗಬೇಕು. ಆ ಪಾಠ ಕಲಿಯೋಕೆ ಇಪ್ಪತ್ತೈದು ವರ್ಷ ಹಿಡಿಯಿತು. ಕೊಬ್ಬಿನ ಜಾಗಕ್ಕೆ ಖನಿಜ ತೈಲ ಬಂತು, ಕಬ್ಬಿಣದ ಬದಲು ತಾವೇ ಸವೆಯಲಿ ಅಂತ ಬಾಯ್ಲರಿನಲ್ಲಿ ಸತುವಿನ ಫಲಕಗಳನ್ನು ಇಟ್ಟರು. 1860ರ ದಶಕದಲ್ಲಿ ಹಾಲ್‌ನ ಕಂಡೆನ್ಸರ್ ಮತ್ತೆ ಚಾಲ್ತಿಗೆ ಬಂತು. ಹಾಲ್ ಮಾತ್ರ ಗಳಿಸಿದ್ದನ್ನೆಲ್ಲ ಪ್ರಯೋಗಗಳಿಗೆ ಸುರಿದು, 1863ರಲ್ಲಿ ಬಡತನದಲ್ಲೇ ತೀರಿಕೊಂಡ.

ಮುಂದಿನದ್ದು ಬೇಗ ಆಯಿತು. 1866ರಲ್ಲಿ ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್‌ನ ‘ಅಗಮೆಮ್ನನ್’ 60 ಪೌಂಡ್ ಒತ್ತಡದಲ್ಲಿ, ಒಂದೇ ಉಗಿಯನ್ನು ಎರಡು ಸಲ ದುಡಿಸೋ ಕಾಂಪೌಂಡ್ ಎಂಜಿನ್ನಿನ ಜೊತೆ ಚೀನಾಕ್ಕೆ ಹೊರಟಿತು. ದಿನಕ್ಕೆ ಸುಮಾರು 20 ಟನ್ ಕಲ್ಲಿದ್ದಲು ಅದಕ್ಕೆ ಸಾಕಾಗುತ್ತಿತ್ತು. ಮಾರಿಷಸ್‌ನಲ್ಲಿ ಒಂದು ಸಲ ತುಂಬಿಸಿಕೊಂಡರೆ ಆಯ್ತು. 1881ರ ‘ಅಬರ್ಡೀನ್’ ಉಗಿಯನ್ನು ಮೂರು ಸಲ ದುಡಿಸಿತು, 125 ಪೌಂಡ್ ಒತ್ತಡ, ಇಂಗ್ಲೆಂಡಿನಿಂದ ಮೆಲ್ಬರ್ನಿಗೆ 42 ದಿನ. 1850ರ ದಶಕದಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ 4 ಪೌಂಡಿನಷ್ಟು ಕಲ್ಲಿದ್ದಲು ಸುಡುತ್ತಿದ್ದವರು ಒಂದೂವರೆ ಪೌಂಡಿಗೆ ಇಳಿದರು. ಇದೆಲ್ಲ ನೀರಿನ ದೆಸೆಯಿಂದಲೇ ಆಯಿತು ಅಂದರೆ ತಪ್ಪಾಗುತ್ತೆ, ಎಂಜಿನ್ನೂ ಬಾಯ್ಲರಿನ ಉಕ್ಕೂ ಸುಧಾರಿಸಿದ್ದವು. ಆದರೆ ಉಪ್ಪುನೀರಿನಲ್ಲಿ 125 ಪೌಂಡ್ ಒತ್ತಡದ ಕನಸೂ ಕಾಣೋ ಹಾಗಿರಲಿಲ್ಲ.

ಹಾಗಿದ್ದೂ ನೀರು ಸೋರುತ್ತೆ, ಉಗಿ ತಪ್ಪಿಸಿಕೊಳ್ಳುತ್ತೆ, ದಿನಾ ಒಂದಷ್ಟು ಹೊಸ ನೀರು ಬೇಕೇಬೇಕು. ಸಮುದ್ರದ ನೀರನ್ನೇ ಸುರಿದುಕೊಳ್ಳೋದು ಬೇಡ ಅಂತ ಅದನ್ನು ಭಟ್ಟಿ ಇಳಿಸೋ ಇವ್ಯಾಪರೇಟರ್ ಅನ್ನೋ ಯಂತ್ರ ಹಡಗುಗಳಿಗೆ ಬಂತು. ಗ್ಲಾಸ್ಗೋದ ವಿಯರ್ ಕಂಪನಿ ಇಂಥವಕ್ಕೇ ಹೆಸರಾಯಿತು. ನೀರು ಶುದ್ಧ ಮಾಡೋಕೆ ಅಂತಲೇ ಒಂದಿಷ್ಟು ಕಲ್ಲಿದ್ದಲು ಎತ್ತಿಡೋದು, ಅರವತ್ತು ವರ್ಷ ಬಿಸಿನೀರನ್ನು ಸಮುದ್ರಕ್ಕೆ ಚೆಲ್ಲಿದ ಹಡಗಿನವರಿಗೆ, ಆ ಹೊತ್ತಿಗೆ ದುಂದು ಅಂತ ಅನ್ನಿಸಲಿಲ್ಲ.