ಸ್ವಂತ ಬಂಡಿಯೋ, ತಿಂಗಳ ಸಂಬಳವೋ?

ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಅವನ ಮುಂದೆ ಎರಡು ದಾರಿಗಳಿದ್ದುವು. ಒಂದು, ಖಾಸಗಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ತಿಂಗಳಿಗೆ 18 ಸಾವಿರ ಸಂಬಳ, ಭವಿಷ್ಯನಿಧಿ ಬೇರೆ. ಇನ್ನೊಂದು, ಸಾಲ ಮಾಡಿ ಮೂರು ಚಕ್ರದ ಸಾಮಾನು ಗಾಡಿಯೊಂದನ್ನು ಕೊಂಡು, ಮೊಬೈಲಿನಲ್ಲಿ ಬಂದ ಆರ್ಡರಿನಂತೆ ಮನೆಮನೆಗೆ ಸರಕು ಮುಟ್ಟಿಸುವುದು. "ಇದರಲ್ಲಿ 35 ಸಾವಿರ ದುಡಿಯಬಹುದಂತೆ ಸಾರ್. ಮೇಲಾಗಿ ಯಾರ ಕೈಕೆಳಗೂ ಇರಬೇಕಾದ್ದಿಲ್ಲ. ಯಾವುದನ್ನು ಹಿಡಿಯಲಿ?" ಎಂದು ಕೇಳಿದ.

ತಿಂಗಳ ಸಂಬಳದ ನೆರಳಿನಲ್ಲಿ ಕುಳಿತು ಪಾಠ ಹೇಳುವ ನನ್ನಂಥವನಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವಾದರೂ ಎಲ್ಲಿಯದು? ಆದರೆ ಅವನ ಮಾತು ಕೇಳುತ್ತಿದ್ದಂತೆ ನಮ್ಮ ತಾತನ ನೆನಪಾಯಿತು. ತಾತನಿಗೆ ಒಂದು ಜೊತೆ ಎತ್ತು, ಒಂದು ಬಂಡಿ ಇದ್ದುವು. ಊರಿನ ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಹೊಡೆಯುವುದು ಅವರ ಕಸುಬು. ಯೌವನದಲ್ಲಿ ಒಮ್ಮೆ ಅವರಿಗೆ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ ಕೊಡಿಸುತ್ತೇನೆಂದು ಯಾರೋ ಕರೆದರಂತೆ. "ಅರಸನ ಅಂಕೆಯಿಲ್ಲ, ದೆವ್ವದ ಕಾಟವಿಲ್ಲ, ನನಗೆ ಇದೇ ಸಾಕು" ಎಂದು ಇವರು ಒಲ್ಲೆನೆಂದರು. ಇವರ ಬದಲಿಗೆ ಹೋದ ಗೆಳೆಯ ಮುಂದೆ ಪಿಂಚಣಿ ಪಡೆದ. ಲಾರಿಗಳು ಬಂದ ಮೇಲೆ ತಾತ ಎತ್ತುಗಳನ್ನು ಮಾರಿದರು. ತಿಂಗಳ ಮೊದಲ ವಾರ ಆ ಗೆಳೆಯ ಪಿಂಚಣಿ ತರಲು ಹೊರಟಾಗ ತಾತ ಜಗಲಿಯಿಂದೆದ್ದು ಒಳಗೆ ಹೋಗುತ್ತಿದ್ದರೆಂದು ನಮ್ಮ ತಾಯಿ ಹೇಳುವುದುಂಟು.

ಆದುದರಿಂದ ನನ್ನ ವಿದ್ಯಾರ್ಥಿಯ ಪ್ರಶ್ನೆ ಹೊಸದೇನಲ್ಲ. ಗಾಡಿ ಹೊಸದು, ಮೊಬೈಲು ಹೊಸದು. ಪ್ರಶ್ನೆ ಮಾತ್ರ ಬಹು ಹಳೆಯದು. ಹೇರು ಹೊರುವವನು ತನ್ನ ಎತ್ತಿನ ಒಡೆಯನಾಗಿರಬೇಕೋ, ಬೇರೊಬ್ಬರ ಎತ್ತಿನ ಸಂಬಳಗಾರನಾಗಿರಬೇಕೋ? ನಮ್ಮ ನಾಡಿನಲ್ಲಿ ಈ ಎರಡು ಬಗೆಯ ಬಾಳೂ ಒಂದೇ ಕಾಲದಲ್ಲಿ, ಒಂದೇ ಯುದ್ಧರಂಗದಲ್ಲಿ ಎದುರುಬದುರಾದದ್ದುಂಟು.

ಸಂಬಳದ ಬಾಳಿಗೆ ನಿದರ್ಶನ ಮೈಸೂರಿನ ಅಮೃತಮಹಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಇದಕ್ಕೆ 'ಬೆಣ್ಣೆ ಚಾವಡಿ' ಎಂದು ಹೆಸರು. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹುಟ್ಟಿದ ಈ ಇಲಾಖೆ ಹೈದರಾಲಿಯ ಕಾಲಕ್ಕೆ ಸೈನ್ಯದ ಸಾಗಣೆಯ ಬೆನ್ನೆಲುಬಾಯಿತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲು ಎಂಬ ಹೆಸರಿಟ್ಟು, ನಿಬಂಧನೆಗಳ ಹುಕುಂನಾಮೆಯನ್ನೇ ಹೊರಡಿಸಿದ. ಎತ್ತುಗಳು ಸರ್ಕಾರದವು, ಮೇಯುವ ಕಾವಲುಗಳು ಸರ್ಕಾರದವು, ಕಾಯುವವರು ಸರ್ಕಾರದ ಆಳುಗಳು. ಎತ್ತು ಸತ್ತರೆ ನಷ್ಟ ಅರಸನದು. ಆಳಿನ ಕೂಳಿಗೆ ಕುಂದಿಲ್ಲ.

ಎದುರಿಗೆ ನಿಂತವರು ಬಂಜಾರರು, ನಾವು ಲಂಬಾಣಿಗಳೆಂದು ಕರೆಯುವ ಜನ. ಹೇರೆತ್ತುಗಳ ಮೇಲೆ ಧಾನ್ಯ, ಉಪ್ಪು ಹೊತ್ತು ನಾಡಿಂದ ನಾಡಿಗೆ ನಡೆದವರು. 17ನೆಯ ಶತಮಾನದಲ್ಲಿ ಭಾರತದಲ್ಲಿ ಸಂಚರಿಸಿದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಇವರ ಹಿಂಡುಗಳನ್ನು ಬಣ್ಣಿಸಿದ್ದಾನೆ. ಎತ್ತು ಅವರದೇ, ಬಂಡವಾಳ ಬಹುಮಟ್ಟಿಗೆ ಅವರದೇ, ದಾರಿಯೂ ಅವರದೇ. ಯಾವ ಅರಸನ ಸಂಬಳವೂ ಅವರಿಗಿರಲಿಲ್ಲ. ಅರಸರೇ ಅವರನ್ನು ಓಲೈಸಬೇಕಾಗಿತ್ತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೂ ಬಂದ ಲಾರ್ಡ್ ಕಾರ್ನ್‌ವಾಲಿಸ್ ಆಹಾರವಿಲ್ಲದೆ, ಎಳೆಯುವ ಎತ್ತುಗಳಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. 1792ರಲ್ಲಿ ಅವನು ಮತ್ತೆ ಬಂದಾಗ ಪಾಳೆಯದ ಬಜಾರಿಗೆ ಧಾನ್ಯ ತುಂಬಿದವರಲ್ಲಿ ಬಂಜಾರರು ಮುಖ್ಯರು. ಒಂದು ಸಾಮ್ರಾಜ್ಯದ ಗೆಲುವು ಸೋಲು ಸ್ವತಂತ್ರ ಸಾಗಣೆಗಾರನ ಎತ್ತಿನ ಬೆನ್ನಮೇಲೆ ನಿಂತಿತ್ತೆಂದರೆ ಅವನ ಬೆಲೆ ಎಷ್ಟಿತ್ತೆಂದು ಊಹಿಸಬಹುದು.

ಆದರೆ ಆ ಬೆಲೆ ಎಷ್ಟು ಕಾಲ ನಿಂತಿತು? 1853ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿತು. 1864ರಲ್ಲಿ ಬೆಂಗಳೂರಿಗೂ ಬಂತು. ಹಳಿ ಹೋದಲ್ಲೆಲ್ಲ ಹೇರೆತ್ತಿನ ಕಸುಬು ಕುಸಿಯಿತು. ಕಸುಬು ಕಳೆದುಕೊಂಡವರಿಗೆ ಪರಿಹಾರವಿಲ್ಲ, ಪಿಂಚಣಿಯಿಲ್ಲ. ಅದಿರಲಿ; 1871ರ ಕಾಯಿದೆಯೊಂದು ಅಲೆಮಾರಿ ಜನರನೇಕರಿಗೆ ಅಪರಾಧಿ ಜಾತಿಗಳೆಂಬ ಮುದ್ರೆಯೊತ್ತಿತು; ಕೆಲವು ಪ್ರಾಂತಗಳಲ್ಲಿ ಬಂಜಾರರೂ ಆ ಪಟ್ಟಿಗೆ ಸೇರಿದರು. ಆ ಕಾಯಿದೆ ಸಂಪೂರ್ಣವಾಗಿ ತೊಲಗಿದ್ದು 1952ರಲ್ಲಿ.

ಹಾಗಾದರೆ ಚಾಕರಿಯೇ ಮೇಲೆನ್ನೋಣವೆ? ಅವಸರ ಬೇಡ. ಅಮೃತಮಹಲಿನ ಹಿಂಡುಗಳನ್ನು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಸರ್ಕಾರ ಮಾರಿಬಿಟ್ಟಿತು. ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಿದರು. ನಡುವಿನ ಆರು ವರ್ಷ ಆ ಚಾಕರಿಯನ್ನೇ ನಂಬಿದ್ದ ಕಾವಲುಗಾರನಿಗೆ ಏನು ಗತಿ? ಅರಸನ ಅಂಕೆಯಲ್ಲಿದ್ದರೂ ಅರಸನ ಮನಸ್ಸು ಬದಲಾಗುವುದಿಲ್ಲವೆಂಬ ಭರವಸೆಯಿಲ್ಲ.

ಇನ್ನೊಂದು ವಿಷಯವನ್ನು ಗಮನಿಸಬೇಕು. ಬಂಜಾರನ ಎತ್ತು ಅವನದು, ಬೆಲೆಯನ್ನು ಚೌಕಾಸಿ ಮಾಡುವ ಬಾಯಿಯೂ ಅವನದು. ಎತ್ತು ತನ್ನದಾಗಿದ್ದೂ ಬಾಯಿ ಬೇರೆಯವರದಾದರೆ? ಇಪ್ಪತ್ತನೆಯ ಶತಮಾನ ಕಂಡುಹಿಡಿದ ಹೊಸ ಜೀವ ಇದು. ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದು, 1968ರ ವರದಿಗಳಲ್ಲಿ ಅಚ್ಚಾದ ರೆಡಿ ಮಿಕ್ಸೆಡ್ ಕಾಂಕ್ರೀಟ್ ಕಂಪೆನಿಯ ಮೊಕದ್ದಮೆ ಇದಕ್ಕೆ ಒಳ್ಳೆಯ ಉದಾಹರಣೆ. ಕಾಂಕ್ರೀಟನ್ನು ಕಟ್ಟಡದ ಬಳಿಗೆ ಮುಟ್ಟಿಸುವ ಚಾಲಕ ಲಾರಿಯನ್ನು ಕಂತಿನ ಮೇಲೆ ತಾನೇ ಕೊಳ್ಳಬೇಕು. ಆದರೆ ಅದಕ್ಕೆ ಕಂಪೆನಿಯ ಬಣ್ಣ. ಅವನ ಮೈಮೇಲೆ ಕಂಪೆನಿಯ ಸಮವಸ್ತ್ರ. ಬೇರೆಯವರ ಸರಕು ಹೊರುವಂತಿಲ್ಲ. ರಿಪೇರಿಯ ಖರ್ಚು ಅವನದು. ಬಾಡಿಗೆ ಮೈಲಿಯ ಲೆಕ್ಕದಲ್ಲಿ. ಇಷ್ಟಿದ್ದೂ ನ್ಯಾಯಾಧೀಶರು ಅವನನ್ನು ಸ್ವತಂತ್ರ ಗುತ್ತಿಗೆದಾರನೆಂದೇ ತೀರ್ಮಾನಿಸಿದರು. ಲಾರಿ ಅವನದು, ಬೇಕಾದರೆ ಬದಲಿ ಚಾಲಕನನ್ನು ಇಡಬಹುದು, ಲಾಭನಷ್ಟ ಅವನದು ಎಂಬುದು ಅವರ ವಾದದ ತಿರುಳು. ಕಂಪೆನಿ ಅವನಿಗಾಗಿ ರಾಷ್ಟ್ರೀಯ ವಿಮೆಯ ಹಣ ಕಟ್ಟಬೇಕಾಗಲಿಲ್ಲ.

ಅರ್ಧ ಶತಮಾನದ ಮೇಲೆ ಅದೇ ದೇಶದಲ್ಲಿ ಮಾತು ಸ್ವಲ್ಪ ತಿರುಗಿತು. ಊಬರ್ ಕಂಪೆನಿಯ ಚಾಲಕರು ಕೆಲಸಗಾರರ ಹಕ್ಕುಗಳಿಗೆ ಅರ್ಹರೆಂದು 2021ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಬಾಡಿಗೆಯ ದರ ಗೊತ್ತುಮಾಡುವುದು ಕಂಪೆನಿ, ಕರಾರು ಬರೆಯುವುದು ಕಂಪೆನಿ, ಮತ್ತೆ ಮತ್ತೆ ಒಲ್ಲೆನೆಂದವನನ್ನು ಹೊರಗಿಡುವುದೂ ಕಂಪೆನಿ. ಇದೆಂಥ ಸ್ವಾತಂತ್ರ್ಯ ಎಂಬುದು ಪ್ರಶ್ನೆ. ಆದರೆ 2023ರ ನವೆಂಬರಿನಲ್ಲಿ ಅದೇ ನ್ಯಾಯಾಲಯ, ಊಟ ಮುಟ್ಟಿಸುವ ಡೆಲಿವರೂ ಸವಾರರು ತಮ್ಮ ಬದಲಿಗೆ ಬೇರೊಬ್ಬರನ್ನು ಕಳಿಸಬಲ್ಲವರಾದ್ದರಿಂದ, ಅವರ ಸಂಘಕ್ಕೆ ಕಂಪೆನಿಯೊಡನೆ ಚೌಕಾಸಿಯ ಕಾನೂನುಬದ್ಧ ಹಕ್ಕಿಲ್ಲವೆಂದಿತು. 1968ರ ಲಾರಿಯ ನೆರಳು ಅಷ್ಟು ಉದ್ದ!

ನಮ್ಮಲ್ಲಿ? ಕಚ್ಛದ ಸಣ್ಣ ರಣದ ಉಪ್ಪಿನ ಕೆಲಸದ ಅಗರಿಯಾಗಳು ಕಾರ್ಮಿಕರೇ ಎಂದು 1956ರಲ್ಲಿಯೇ ನಮ್ಮ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿತ್ತು. ಅವರಿಗೆ ದೊರೆಯುತ್ತಿದ್ದುದು ಸಂಬಳವಲ್ಲ, ಮಣಕ್ಕಿಷ್ಟೆಂಬ ಲೆಕ್ಕದ ಹಣ. ಸಹಾಯಕ್ಕೆ ಅವರೇ ಆಳುಗಳನ್ನು ಇಟ್ಟುಕೊಳ್ಳುತ್ತಿದ್ದರು. ಆದರೂ ಮೇಲ್ವಿಚಾರಣೆ ಒಡೆಯನದೇ ಆಗಿತ್ತು. ಆದರೆ ಮೊಬೈಲಿನ ಮೂಲಕ ದುಡಿಯುವವರಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಅವರಿಗೊಂದು ಹೆಸರು ಕೊಟ್ಟಿತು. 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕೆಲಸಗಾರರು 77 ಲಕ್ಷ ಎಂದು ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತು. ರಾಜಸ್ಥಾನ 2023ರಲ್ಲಿ, ನಮ್ಮ ಕರ್ನಾಟಕ 2025ರಲ್ಲಿ, ಅವರಿಗಾಗಿ ಪ್ರತ್ಯೇಕ ಕಾಯಿದೆ ಮಾಡಿದುವು. ನಮ್ಮ ಕಾಯಿದೆಯಂತೆ ಪ್ರತಿಯೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಹಣದ ನೂರಕ್ಕೆ 1ರಿಂದ 5ರಷ್ಟನ್ನು ಕಂಪೆನಿ ಕ್ಷೇಮನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ ಕಾರಣ ತಿಳಿಸಿ 14 ದಿನದ ಸೂಚನೆ ಕೊಡಬೇಕು. ತಾತನ ಕಾಲಕ್ಕೆ ಇಷ್ಟೂ ಇರಲಿಲ್ಲ. ಆದರೆ ಇದು ಸಂಬಳವೂ ಅಲ್ಲ, ಪಿಂಚಣಿಯೂ ಅಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಮುಂಬಯಿಯ ಡಬ್ಬಾವಾಲರು 1890ರ ಸುಮಾರಿನಿಂದ ಊಟದ ಡಬ್ಬಿ ಮುಟ್ಟಿಸುತ್ತ ಬಂದವರು. ಯಾವ ಕಂಪೆನಿಯ ಆಳುಗಳೂ ಅಲ್ಲ. ಗುಂಪಾಗಿ ದುಡಿದು, ಖರ್ಚು ಕಳೆದು, ಉಳಿದದ್ದನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಡಬ್ಬಿ ನಿಲ್ಲುವುದಿಲ್ಲ. 2020ರಲ್ಲಿ ಕೊರೋನಾದಿಂದ ಲೋಕಲ್ ರೈಲು ನಿಂತಾಗ ಅವರೂ ಕಂಗೆಟ್ಟರೆಂಬುದು ನಿಜ. ಆದರೆ ದರ ಹೇಳುವ ಬಾಯಿಯನ್ನು ಅವರು ಯಾರಿಗೂ ಮಾರಿರಲಿಲ್ಲ.

ಇಷ್ಟೆಲ್ಲ ಕಥೆ ಹೇಳಿ, ನನ್ನ ವಿದ್ಯಾರ್ಥಿಗೆ ಒಂದು ಕಾಗದ ಕೊಟ್ಟು ಲೆಕ್ಕ ಬರೆಯಲು ಹೇಳಿದೆ. 35 ಸಾವಿರದಲ್ಲಿ ಗಾಡಿಯ ಕಂತು ಒಂಬತ್ತು, ಇಂಧನ ಏಳು, ವಿಮೆ, ಟೈರು, ರಿಪೇರಿಗಳಿಗೆ ಸರಾಸರಿ ಮೂರು. ಉಳಿದದ್ದು 16 ಸಾವಿರ. ಅದೂ ಭಾನುವಾರವಿಲ್ಲದೆ, ಜ್ವರವಿಲ್ಲದೆ ದುಡಿದರೆ. ಅವನು ಬಹಳ ಹೊತ್ತು ಕಾಗದವನ್ನು ನೋಡಿದ. "ಆದರೆ ಸಾರ್, ಕಂತು ತೀರಿದ ಮೇಲೆ ಗಾಡಿ ನನ್ನದಲ್ಲವೆ?" ಎಂದ. ಮಾತು ಸರಿಯೇ. ಆಗ ಉಳಿತಾಯ 25 ಸಾವಿರವಾಗುತ್ತದೆ. "ಹೌದಪ್ಪ. ಗಾಡಿ ನಿನ್ನದಾಗುತ್ತದೆ. ಆಮೇಲೂ ದರ ಹೇಳುವವರು ಯಾರು, ನೀನು ಮಲಗಿದ ದಿನ ಅನ್ನ ಹಾಕುವವರು ಯಾರು, ಹೊಸ ರೈಲು ಬಂದರೆ ಏನು ಮಾಡುತ್ತೀಯೆ? ಈ ಮೂರನ್ನೂ ಕೇಳಿಕೊ" ಎಂದೆ. ಇದೇ ಪ್ರಶ್ನೆಗಳನ್ನು ಕಚೇರಿಯವರಿಗೂ ಕೇಳು ಎಂದು ಸೇರಿಸುವುದನ್ನು ಮರೆಯಲಿಲ್ಲ.

ಅವನು ಸದ್ಯಕ್ಕೆ ಗುಮಾಸ್ತೆಯ ಕೆಲಸಕ್ಕೇ ಸೇರಿದ್ದಾನೆ. ಹಣ ಕೂಡಿಸಿ, ಸಾಲವಿಲ್ಲದೆ ಗಾಡಿ ಕೊಳ್ಳುವ ಆಸೆಯನ್ನು ಬಿಟ್ಟಿಲ್ಲ. ಬಿಡಲೂ ಬೇಕಾಗಿಲ್ಲ. ಪಿಂಚಣಿಯ ಗೆಳೆಯನನ್ನು ಕಂಡು ಒಳಗೆ ಎದ್ದು ಹೋಗುತ್ತಿದ್ದ ನಮ್ಮ ತಾತ, ಹಳೆಯ ಬಂಡಿಯ ನೊಗವನ್ನು ಮಾತ್ರ ಕೊನೆಯವರೆಗೂ ಯಾರಿಗೂ ಮಾರಗೊಡಲಿಲ್ಲ.